ಪರದೇಶಿ ಎನ್ನದ ಸೀಮೆ

ನಮ್ಮ ಕಡೆ ಅನಾಥ ಎಂಬ ಪದ ಹೆಚ್ಚಾಗಿ ಅರ್ಜಿಗಳಲ್ಲಿ ಕಾಣುತ್ತದೆ. ಬಾಯಿಮಾತಿನಲ್ಲಿ ಬರುವುದು ಪರದೇಶಿ. ‘ಅಪ್ಪ ಅವ್ವ ಇಬ್ರೂ ಹೋದ್ರು, ಕೂಸು ಪರದೇಶಿ ಆತ್ರಿ’ ಅಂದರೆ ರೋಣದ ಸಂತೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೂಸು ಹುಟ್ಟಿದ ಓಣಿಯಲ್ಲೇ, ಹುಟ್ಟಿದ ಮನೆಯ ಕಟ್ಟೆಯ ಮೇಲೆಯೇ ಕೂತಿರುತ್ತದೆ. ಕೈ ಹಿಡಿಯುವವರಿಲ್ಲದ ಮೇಲೆ ಅದೇ ಓಣಿ ಅದಕ್ಕೆ ಪರದೇಶ.

ಚಳಿಗಾಲದ ರಜೆ ಹತ್ತಿರ ಬಂತೆಂದರೆ ನಿಜವಾದ ಪರದೇಶದಲ್ಲಿರುವ ಕನ್ನಡದ ಮನೆಗಳಿಂದ ಒಂದು ಪ್ರಶ್ನೆ ಬರುತ್ತದೆ. ಕಾಲೇಜಿಗೆ ಹೋಗುವ ಮಗಳಿಗೋ ಮಗನಿಗೋ ಎರಡು ವಾರ ಬಿಡುವಿದೆ, ತಬ್ಬಲಿ ಮಕ್ಕಳ ಸೇವೆ ಮಾಡುವ ಆಸೆಯಿದೆ, ಎಲ್ಲಿ ಹೋಗಬಹುದು? ಆ ಆಸೆ ಒಳ್ಳೆಯದು, ಅದನ್ನು ನಾನು ಹಗುರ ಮಾಡಲಾರೆ. ಉತ್ತರ ಕೊಡುವ ಮೊದಲು ಮಾತ್ರ ಅವರನ್ನು ರೋಣ, ಗಜೇಂದ್ರಗಡ, ನರಗುಂದಗಳ ದಾರಿಯಲ್ಲಿ ಒಂದು ಸುತ್ತು ಕರೆದುಕೊಂಡು ಹೋಗಬೇಕೆನ್ನಿಸುತ್ತದೆ.

ಗದಗ ಬಿಟ್ಟು ನರೇಗಲ್ಲಿನ ದಾರಿ ಹಿಡಿದರೆ ಎರಡೂ ಬದಿಗೆ ಎರಿ ಹೊಲ. ಹಿಂಗಾರಿನಲ್ಲಿ ಕಡಲೆ, ಕುಸುಬಿ, ಬಿಳಿಜೋಳ. ಗಜೇಂದ್ರಗಡದ ಗುಡ್ಡದ ಸಾಲು ಕಾಣುವ ಹೊತ್ತಿಗೆ ಗಾಳಿಯಂತ್ರಗಳೂ ಕಾಣತೊಡಗುತ್ತವೆ. ಮಳೆ ನೆಚ್ಚಿದ ನಾಡು ಇದು. ಮಳೆ ಕೈಕೊಟ್ಟ ವರ್ಷ ಮನೆ ಒಡೆಯುತ್ತದೆ, ಮನೆ ಒಡೆದಾಗ ಮೊದಲು ಕಳಚಿಕೊಳ್ಳುವವರು ಮಕ್ಕಳು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 78ರ ಬರ, ಹಳೆಯ ಧಾರವಾಡ ಜಿಲ್ಲೆಯ ಈ ಭಾಗವನ್ನು ಹಿಂಡಿಹಾಕಿತ್ತು.

ನರೇಗಲ್ಲಿನ ಹತ್ತಿರ ನಿಡಗುಂದಿಕೊಪ್ಪ ಎಂಬ ಸಣ್ಣ ಊರಿದೆ. ಅಲ್ಲಿ ಶಿವಯೋಗಮಂದಿರದ ಶಾಖೆಯಿದೆ. ಪ್ರವಾಸಿಗರ ಪಟ್ಟಿಯಲ್ಲಿ ಈ ಊರು ಕಾಣುವುದಿಲ್ಲ. ಸೂಡಿಯ ಜೋಡು ಕಳಸದ ಗುಡಿ ನೋಡಿ, ನಾಗಕುಂಡದ ಮೆಟ್ಟಿಲಿಳಿದು, ಗಜೇಂದ್ರಗಡದ ಕಾಲಕಾಲೇಶ್ವರನಿಗೆ ಕೈಮುಗಿದು ಜನ ಹೊರಟುಬಿಡುತ್ತಾರೆ. ನನಗೆ ಮಾತ್ರ ಈ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡ ಜಾಗ ಅದೇ.

1914ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಅಲ್ಲಿ ಒಂದು ಸಂಗೀತ ಪಾಠಶಾಲೆಗೆ ಅಡಿಪಾಯ ಹಾಕಿದರು. ಅದಕ್ಕೂ ಐದು ವರ್ಷ ಮೊದಲು, 1909ರಲ್ಲಿ, ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರ ಕಟ್ಟಿದವರು ಅವರೇ. ಪಾಠಶಾಲೆಯನ್ನು ಅವರು ಒಪ್ಪಿಸಿದ್ದು ಇಪ್ಪತ್ತೆರಡರ ಹರೆಯದ ಹುಟ್ಟುಕುರುಡ ಗದಿಗೆಯ್ಯನಿಗೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವ. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಈ ಗದಿಗೆಯ್ಯನೇ ಮುಂದೆ ನಾಡು ಕರೆದ ಪಂಚಾಕ್ಷರಿ ಗವಾಯಿಗಳು. ಕಣ್ಣಿಲ್ಲದ ಮಕ್ಕಳನ್ನು, ದಿಕ್ಕಿಲ್ಲದ ಮಕ್ಕಳನ್ನು ಕೂಡಿಸಿ ಹಾಡು ಕಲಿಸಿ ಅನ್ನಕ್ಕೆ ದಾರಿ ಮಾಡಿಕೊಡಬೇಕೆಂಬುದು ಗುರು ಹೊರಿಸಿದ ಹೊರೆ. ಶಿಷ್ಯ ಅದನ್ನು ಸಾಯುವವರೆಗೂ ಇಳಿಸಲಿಲ್ಲ.

ಪಾಠಶಾಲೆಗೆ ನಿಂತ ನೆಲ ಇರಲಿಲ್ಲ. ಅದು ಸಂಚಾರಿ ಶಾಲೆ. ಗುರು, ಹುಡುಗರು, ತಂಬೂರಿ, ತಬಲಾ, ಅಡುಗೆಯ ಪಾತ್ರೆ ಎಲ್ಲ ಊರಿಂದೂರಿಗೆ ನಡೆದವು. ಒಂದೂರಿನಲ್ಲಿ ತಿಂಗಳು, ಇನ್ನೊಂದರಲ್ಲಿ ಎರಡು ತಿಂಗಳು. ಊರಿನವರು ಜೋಳ ಕೊಟ್ಟರು, ಗುಡಿಯಲ್ಲಿ ಜಾಗ ಕೊಟ್ಟರು. ಇವರು ಹಾಡಿದರು, ಪುರಾಣ ಹೇಳಿದರು. ಜೋಳಿಗೆಯ ಕಾಳು ಸಾಲದಾದಾಗ ನಾಟಕ ಕಂಪನಿಯನ್ನೇ ಕಟ್ಟಿದರು. ಟಿಕೆಟ್ಟಿನ ಹಣ ಮಕ್ಕಳ ತಾಟಿಗೆ ಬಂತು. ‘ಹೇಮರಡ್ಡಿ ಮಲ್ಲಮ್ಮ’ ನಾಟಕ ನೋಡಿ ಕಣ್ಣೀರಿಟ್ಟ ಎಷ್ಟೋ ಹಳ್ಳಿಗರು ತಮ್ಮ ದುಡ್ಡಿನಿಂದ ಯಾವನೋ ಹುಡುಗನ ಒಂದು ಹೊತ್ತಿನ ರೊಟ್ಟಿ ನಡೆಯಿತೆಂದು ತಿಳಿದೇ ಇರಲಾರರು. ಕೊನೆಗೆ ಗದುಗಿನ ಬಸರಿಗಿಡದ ವೀರಪ್ಪನವರು ನೆಲೆ ಕೊಟ್ಟರು. ಅವರ ಹೆಸರಿನಿಂದಲೇ ಅದು ವೀರೇಶ್ವರ ಪುಣ್ಯಾಶ್ರಮವಾಯಿತು.

ಧಾರವಾಡ ಸೀಮೆಯ ಯಲಿವಾಳದ ಹುಡುಗನೊಬ್ಬ ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡು ಗವಾಯಿಗಳ ಹತ್ತಿರ ಬಂದ. 1936ರಲ್ಲಿ ಹಂಪಿಯಲ್ಲಿ ವಿಜಯನಗರದ ಆರುನೂರನೆಯ ವರ್ಷದ ಉತ್ಸವ ನಡೆದಾಗ ಆ ಹುಡುಗ ವೇದಿಕೆಯಲ್ಲಿ ಹಾಡಿದ. ಗುರು ಪಕ್ಕಕ್ಕೆ ಕೂತು ತಬಲಾ ಹಿಡಿದರು. ಹುಡುಗನ ಹೆಸರು ಬಸವರಾಜ ರಾಜಗುರು. ತಬಲಾ ಹಿಡಿದು ಶಿಷ್ಯನನ್ನು ಮುಂದೆ ಕೂರಿಸಿದ ಆ ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. ತಂದೆಯಿಲ್ಲದ ಹುಡುಗನಿಗೆ ಏನು ಕೊಡಬೇಕೋ ಅದನ್ನು ಗವಾಯಿಗಳು ಅಂದು ಎಲ್ಲರೆದುರು ಕೊಟ್ಟರು.

ಇನ್ನೊಬ್ಬ ಹುಡುಗ ದೇವಗಿರಿಯವನು. 1914ರಲ್ಲಿ, ನಿಡಗುಂದಿಕೊಪ್ಪದ ಪಾಠಶಾಲೆ ಶುರುವಾದ ವರ್ಷವೇ ಹುಟ್ಟಿದವನು. ಕೂಸಾಗಿದ್ದಾಗಲೇ ಕಣ್ಣು ಹೋಯಿತು, ತಂದೆಯೂ ತೀರಿದರು. ಸೋದರಮಾವ ಎತ್ತಿ ಬೆಳೆಸಿ ಗವಾಯಿಗಳ ಕೈಗೆ ಒಪ್ಪಿಸಿದ. 1944ರಲ್ಲಿ ಗುರು ಲಿಂಗೈಕ್ಯರಾದಾಗ ಆಶ್ರಮದ ಮಕ್ಕಳೆಲ್ಲ ಮೂವತ್ತು ವಯಸ್ಸಿನ ಈ ಪುಟ್ಟರಾಜರ ಪಾಲಿಗೆ ಬಂದರು. 2010ರ ಸೆಪ್ಟೆಂಬರ್ 17ರಂದು ಅವರು ಕಣ್ಣುಮುಚ್ಚುವವರೆಗೆ, ಅರವತ್ತಾರು ವರ್ಷ, ಆ ಮಕ್ಕಳನ್ನು ಬಿಟ್ಟು ಕದಲಲಿಲ್ಲ. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಯಾವುದು ಕೈಗೆ ಸಿಕ್ಕರೂ ನುಡಿಸಬಲ್ಲವರು, ಕನ್ನಡ, ಹಿಂದಿ, ಸಂಸ್ಕೃತದಲ್ಲಿ ಬರೆಯಬಲ್ಲವರು. ಊರೂರಲ್ಲಿ ಜನ ಅವರಿಗೆ ತುಲಾಭಾರ ಮಾಡಿದರು. ತಕ್ಕಡಿಯ ಒಂದು ಬದಿಗೆ ಅಜ್ಜ, ಇನ್ನೊಂದು ಬದಿಗೆ ನಾಣ್ಯದ ಚೀಲ. ಆ ನಾಣ್ಯ ಆಶ್ರಮದ ಒಲೆಗೆ ಹೋಗುತ್ತದೆಂದು ಹೊಲದಲ್ಲಿ ಕೂಲಿ ಮಾಡುವವಳಿಗೂ ಗೊತ್ತಿತ್ತು.

ಅಲ್ಲಿನ ಪಾಠದ ಕ್ರಮವನ್ನು ನೋಡಬೇಕು. ಹೊಸದಾಗಿ ಬಂದ ಮಗುವಿಗೆ ಹಳೆಯ ಹುಡುಗ ಸ್ವರ ಹೇಳಿಕೊಡುತ್ತಾನೆ. ಅವನಿಗೆ ಅವನಿಗಿಂತ ದೊಡ್ಡವನು. ನಸುಕಿನಲ್ಲಿ ಒಂದು ಮೂಲೆಯಿಂದ ಭೈರವ, ಇನ್ನೊಂದು ಮೂಲೆಯಿಂದ ತಬಲಾದ ಬೋಲು. ಕಣ್ಣಿದ್ದವನು ಕಣ್ಣಿಲ್ಲದವನ ಕೈ ಹಿಡಿದು ಊಟಕ್ಕೆ ಕರೆತರುತ್ತಾನೆ, ಕಣ್ಣಿಲ್ಲದವನು ಕಣ್ಣಿದ್ದವನ ತಪ್ಪಿದ ಶ್ರುತಿ ತಿದ್ದುತ್ತಾನೆ. 1968ರಲ್ಲಿ ಬಳ್ಳಾರಿ ಕಡೆಯಿಂದ ಬಂದ ವೆಂಕಟೇಶಕುಮಾರರು ಇಲ್ಲಿ ಹತ್ತು ವರ್ಷಕ್ಕೂ ಮೇಲೆ ಹೀಗೆಯೇ ಬೆಳೆದವರು. ಇಂಥ ಸಾಲಿನಲ್ಲಿ ಎರಡು ವಾರಕ್ಕೆ ಬಂದವರು ಎಲ್ಲಿ ಕೂರಬೇಕು?

ಈ ಸೀಮೆಯ ಮಗುವೂ ಒಮ್ಮೆ ಪರದೇಶಿಯಾಗಿ ಅಲೆದಿತ್ತು. ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ತಂದೆ ತಾಯಿ ಇದ್ದರೂ ರೈಲಿನಲ್ಲಿ ಅವರ ಜೊತೆ ಯಾರೂ ಇರಲಿಲ್ಲ. ಟಿಕೆಟ್ ಇಲ್ಲದೆ, ಡಬ್ಬಿಯಲ್ಲಿ ಹಾಡಿ ಹೊಟ್ಟೆ ಹೊರೆಯುತ್ತ ಗ್ವಾಲಿಯರ್, ಕಲ್ಕತ್ತ ಸುತ್ತಿ ಜಲಂಧರಕ್ಕೆ ಮುಟ್ಟಿದರು. ಕನ್ನಡ ಬಾರದ ಆ ಪಂಜಾಬದ ಊರಿನಲ್ಲಿ ಈ ಹುಡುಗನನ್ನು ಸೇರಿಸಿಕೊಂಡು ಕಲಿಸಿದವರು ಭಕ್ತ ಮಂಗತರಾಮ್, ಅವರೂ ಕಣ್ಣಿಲ್ಲದ ಗಾಯಕರೇ. ಅಲ್ಲಿನ ಹರವಲ್ಲಭ ಸಂಗೀತ ಮೇಳಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಹತ್ತಿರವೇ ಕುಂದಗೋಳದಲ್ಲಿ ಸವಾಯಿ ಗಂಧರ್ವರಿದ್ದಾರೆ, ತಿರುಗಿ ಹೋಗು ಎಂದು ದಾರಿ ತೋರಿಸಿದರು. ಅನ್ನ ಹಾಕಿ, ವಿದ್ಯೆ ಕೊಟ್ಟು, ಕಡೆಗೆ ಮಗುವನ್ನು ಅದರ ಸ್ವಂತ ನೆಲಕ್ಕೆ ಕಳಿಸುವುದು: ದೂರದ ಊರಿನವರು ರೋಣದ ಮಗುವಿಗೆ ಮಾಡಿದ ಉಪಕಾರ ಇದು.

ಹೊರಗಿನಿಂದ ಇಲ್ಲಿಗೆ ಬಂದವರೂ ಇದ್ದಾರೆ. ಬಾಸೆಲ್ ಮಿಷನ್ನಿನವರು 1841ರಲ್ಲೇ ಬೆಟಗೇರಿಗೆ ಬಂದರು. ಧಾತು ಈಶ್ವರದ ಬರದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಷನ್ ಸಾಕಿತು. ಮತದ ಉದ್ದೇಶ ಅವರಿಗಿತ್ತು, ಅದರ ಬಗ್ಗೆ ತಕರಾರು ಅಂದೂ ಇತ್ತು, ಇಂದೂ ಇದೆ. ಆದರೆ ಬಂದವರು ವರ್ಷಗಟ್ಟಲೆ ಉಳಿದರು, ಮಗುವಿನ ಮಾತು ಕಲಿತರು. ಅದೇ ಮಿಷನ್ನಿನ ಕಿಟ್ಟೆಲ್ ಅವರು 1853ರಲ್ಲಿ ಬಂದು ಮಾಡಿದ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ಮಗುವಿನ ಭಾಷೆ ಕಲಿಯದೆ ಮಗುವಿನ ಸೇವೆ ಸಾಧ್ಯವೇ ಎಂದು ಯಾರಾದರೂ ಕೇಳಿದರೆ ನನಗೆ ಆ ನಿಘಂಟು ನೆನಪಾಗುತ್ತದೆ.

ಇಂದು ಜಗತ್ತಿನಲ್ಲಿ ತಬ್ಬಲಿ ಮಕ್ಕಳ ಸೇವೆ ಪ್ರವಾಸದ ಒಂದು ಭಾಗವಾಗಿಬಿಟ್ಟಿದೆ. ನೇಪಾಳ, ಕಾಂಬೋಡಿಯಗಳಿಗೆ ಹಣ ಕಟ್ಟಿ ಹೋಗಿ ಹದಿನೈದು ದಿನ ಮಕ್ಕಳ ಜೊತೆ ಆಡಿ ಬರುತ್ತಾರೆ. ಕಾಂಬೋಡಿಯದಲ್ಲಿ 2005ರಿಂದ 2010ರೊಳಗೆ ಅನಾಥಾಲಯಗಳ ಸಂಖ್ಯೆ ಶೇ 75ರಷ್ಟು ಏರಿತು. ಅಲ್ಲಿದ್ದ ಮಕ್ಕಳಲ್ಲಿ ಬಹುಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದರು. ನೋಡಲು ಬರುವವರು ಹೆಚ್ಚಾದಂತೆ ಬಡ ಮನೆಗಳಿಂದ ಮಕ್ಕಳನ್ನು ಎತ್ತಿತಂದು ತುಂಬಲಾಯಿತು. ಆಸ್ಟ್ರೇಲಿಯ 2018ರಲ್ಲಿ ಇದನ್ನು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು ಒಪ್ಪಿಕೊಂಡಿತು. 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಲಯ ಸೇವಾಪ್ರವಾಸದ ಕೇಡನ್ನು ಹೆಸರಿಟ್ಟು ಹೇಳಿತು. ರುಮೇನಿಯದ ಬುಖಾರೆಸ್ಟಿನಲ್ಲಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದ ವಿಜ್ಞಾನಿಗಳು ಕಂಡದ್ದು ಇದು: ಸಾಕುಮನೆ ಸೇರಿದ ಮಕ್ಕಳು ಸಂಸ್ಥೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ಬೆಳೆದವು. ಬಂದವರೆಲ್ಲ ಅಪ್ಪಿ ಮುದ್ದಾಡಿ ಹೋಗುತ್ತಿದ್ದರೆ ಮಗು ಪ್ರತಿ ಸಲವೂ ಹೊಸದಾಗಿ ಪರದೇಶಿಯಾಗುತ್ತದೆ.

ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆ ಇದೇ ಅರಿವಿನ ಮೇಲೆ ನಿಂತಿದೆ. ಸಂಸ್ಥೆ ಕೊನೆಯ ದಾರಿ. ಮೊದಲು ಮನೆ, ಬಂಧುಗಳು, ಸಾಕುಮನೆ. ಮಕ್ಕಳನ್ನು ಇಟ್ಟುಕೊಳ್ಳುವ ಪ್ರತಿ ಸಂಸ್ಥೆಯೂ ನೋಂದಾಯಿಸಲೇಬೇಕು. ಆಸರೆ ಬೇಕಾದ ಮಗುವಿನ ಗುರುತು ಬಯಲಾಗುವಂತೆ ಹೆಸರು, ಚಿತ್ರ ಪ್ರಕಟಿಸಿದರೆ ಆರು ತಿಂಗಳ ಸೆರೆವಾಸದವರೆಗೆ ಶಿಕ್ಷೆಯಿದೆ. ಹುಟ್ಟುಹಬ್ಬದ ಊಟ ಹಾಕಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವವರು ಆ ಮಕ್ಕಳ ಮುಖವನ್ನೊಮ್ಮೆ ನೋಡಬೇಕು. ಮಿಷನ್ ವಾತ್ಸಲ್ಯದಡಿ ಮಗು ಬಂಧುಗಳ ಮನೆಯಲ್ಲೇ ಬೆಳೆಯಲೆಂದು ತಿಂಗಳಿಗೆ 4,000 ರೂಪಾಯಿ ಕೊಡುವ ವ್ಯವಸ್ಥೆಯಿದೆ. ಅಜ್ಜಿಯ ಮನೆಯಲ್ಲಿ ಒಲೆ ಉರಿಯುವಂತೆ ಮಾಡಿದರೆ ಮಗು ಆಶ್ರಮದ ಬಾಗಿಲಿಗೆ ಬರಬೇಕಾಗುವುದೇ ಇಲ್ಲ. ಆ ಅರ್ಜಿ ತುಂಬಲು ಗೊತ್ತಿಲ್ಲದ ಅಜ್ಜಿಯ ಪಕ್ಕ ಕೂತು, ಆಧಾರ್, ಮರಣ ಪ್ರಮಾಣಪತ್ರ ಹೊಂದಿಸಿ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯವರೆಗೆ ಜೊತೆ ಹೋಗುವವರು ಸಿಕ್ಕರೆ ಅದೇ ದೊಡ್ಡ ಸೇವೆ. ಎರಡು ವಾರ ಬಿಡುವಿರುವವರು ಈ ಕೆಲಸಕ್ಕೆ ಧಾರಾಳವಾಗಿ ಬರಬಹುದು. ಸಂಗೀತವೋ ಗಣಿತವೋ ಬಲ್ಲವರು ವರ್ಷವಿಡೀ ವಾರಕ್ಕೊಂದು ಗಂಟೆ, ಅದೇ ಮಗುವಿಗೆ, ತಪ್ಪದೆ ಫೋನಿನಲ್ಲಿ ಕಲಿಸಬಹುದು.

ರೋಣದಿಂದ ಹೊಳೆಆಲೂರಿಗೆ ಹೋದರೆ ಮಲಪ್ರಭೆ. ಕರ್ನಾಟಕದ ಕುಲಪುರೋಹಿತ ಆಲೂರು ವೆಂಕಟರಾಯರ ಮನೆತನದ ಊರು ಇದು. 2009ರಲ್ಲಿ, ಮತ್ತೆ 2019ರಲ್ಲಿ ಹೊಳೆ ಊರೊಳಗೆ ನುಗ್ಗಿತ್ತು. ಇಲ್ಲಿನ ಜ್ಞಾನಸಿಂಧು ಅಂಧ ಮಕ್ಕಳ ವಸತಿ ಶಾಲೆಯ ಮಕ್ಕಳು ಮಲ್ಲಕಂಬ ಏರುತ್ತಾರೆ. ಕಣ್ಣಿಲ್ಲದ ಮಗು ಕಂಬವನ್ನು ಅಂಗೈಯಿಂದ, ತೊಡೆಯಿಂದ, ಪಾದದಿಂದ ಓದಿಕೊಂಡು ಮೇಲೇರಿ ಕೈ ಬಿಡುವುದನ್ನು ನೆನೆಯಿರಿ. ಕೆಳಗೆ ನಿಂತವರ ದನಿ ದಿನವೂ ಅದೇ ದನಿಯಾಗಿರದಿದ್ದರೆ ಆ ಮಗು ಕೈ ಬಿಟ್ಟೀತೇ?

ನರಗುಂದದ ಕೆಂಪು ಗುಡ್ಡ ಕಂಡಾಗ ಎಲ್ಲರೂ 1858ರ ಬಂಡಾಯದ ಬಾಬಾಸಾಹೇಬನನ್ನು ನೆನೆಯುತ್ತಾರೆ, 1980ರ ಜುಲೈ 21ರ ಗೋಲಿಬಾರನ್ನು ನೆನೆಯುತ್ತಾರೆ. ಅಂದು ರೈತರು ಕೇಳಿದ್ದು ಕಾಲುವೆಯ ಕರದ ನ್ಯಾಯ. 2015ರಿಂದ ಕೇಳುತ್ತಿರುವುದು ಮಹದಾಯಿಯ ನೀರು. ಮಕ್ಕಳ ಮಾತು ಆಡುವಾಗ ಇದನ್ನು ತೆಗೆಯುವುದು ಏಕೆಂದರೆ, ಹೊಲಕ್ಕೆ ನೀರು ಬಂದ ಮನೆಯವರು ಊರು ಬಿಡುವುದು ಕಡಿಮೆ.

ಬಿಡುವವರು ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಗಜೇಂದ್ರಗಡದ ತಾಂಡಾಗಳಿಂದ, ರೋಣದ ಹಳ್ಳಿಗಳಿಂದ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಮುದುಕರ ಹತ್ತಿರ ಬಿಟ್ಟಿರುತ್ತಾರೆ. ಹಬ್ಬದ ಮುನ್ನಾದಿನ ನಸುಕಿನಲ್ಲಿ ಗಜೇಂದ್ರಗಡದ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲಿರಿ. ಗೋವಾದ ಬಸ್ಸು ಬರುವ ಹೊತ್ತಿಗೆ ಅಜ್ಜಿಯರು ಮೊಮ್ಮಕ್ಕಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿರುತ್ತಾರೆ. ಬಾಗಿಲು ತೆರೆಯುತ್ತದೆ, ಚೀಲಗಳು ಇಳಿಯುತ್ತವೆ. ಒಂದು ವರ್ಷದಲ್ಲಿ ಒಂದು ಗೇಣು ಬೆಳೆದ ಮಗು ಅಜ್ಜಿಯ ಸೆರಗಿನ ಹಿಂದೆ ಸರಿದು, ಎದುರು ಬಂದು ಕೂತವಳನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತದೆ. ಅಜ್ಜಿ ಅದರ ಬೆನ್ನಿಗೆ ಕೈಯಿಟ್ಟು ಮೆಲ್ಲಗೆ ಮುಂದೆ ದೂಡುತ್ತಾಳೆ: ‘ಹೋಗವ್ವ, ನಿಮ್ಮವ್ವನ ಆಕಿ.’