ಲಿಸ್ಟಲ್ಲಿ ಹೆಸರು ಯಾರದ್ದು?

2024ರ ಜನವರಿ 16, ಮಂಗಳವಾರ ಬೆಳಗ್ಗೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಟ್ರಂಪ್ ಗೆದ್ದರು ಅನ್ನೋ ಸುದ್ದಿ ಓದಿ, ಮೈಕ್ ತೆಗೆದಿಟ್ಟು ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಬೆಳ್ತಂಗಡಿ ಕಡೆಯಿಂದ ಒಂದು ಫೋನ್.

"ಸರ್, ಮೂವತ್ತು ವರ್ಷದಿಂದ ಬೂತ್‌ನಲ್ಲಿ ಕೂತವ ನಾನು. ಚೀಟಿ ಹಂಚಿದ್ದೇನೆ, ಬ್ಯಾನರ್ ಕಟ್ಟಿದ್ದೇನೆ, ಕೇಸೂ ಹಾಕಿಸಿಕೊಂಡಿದ್ದೇನೆ. ನಮ್ಮ ಪಕ್ಷದ ಕ್ಯಾಂಡಿಡೇಟ್ ಯಾರು ಅಂತ ನನಗೆ ಗೊತ್ತಾಗುವುದು ನಿಮ್ಮ ಟಿವಿಯಲ್ಲಿ. ಅಲ್ಲಿ ಅಮೆರಿಕದಲ್ಲಿ ಅದೆಂತದೋ ಕಾಕಸ್ ಅಂತೆ, ಕಾರ್ಯಕರ್ತರೇ ಆರಿಸುವುದಂತೆ. ಹೌದಾ?"

ಯಾವ ಪಕ್ಷ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಯಾವ ಪಕ್ಷದವರಾದರೂ ಇದೇ ಮಾತು ಹೇಳ್ತಿದ್ದರು ಬಿಡಿ. ಹೌದು ಅಂತಲೂ ಇಲ್ಲ ಅಂತಲೂ ಫೋನಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಅದಕ್ಕೇ ಇವತ್ತು ಸ್ವಲ್ಪ ಹೊತ್ತು ತಗೊಂಡು ಹೇಳ್ತೀನಿ.

ಮೊದಲು ಒಂದು ಗೊಂದಲ ಬಿಡಿಸೋಣ. ಅಯೋವಾದಲ್ಲಿ ಆ ರಾತ್ರಿ ಆರಿಸಿದ್ದು ಅಧ್ಯಕ್ಷರನ್ನಲ್ಲ. ಅಧ್ಯಕ್ಷ ಅಭ್ಯರ್ಥಿಯನ್ನೂ ಅಲ್ಲ. ಅಭ್ಯರ್ಥಿಯನ್ನು ಆರಿಸೋ ಪ್ರತಿನಿಧಿಗಳಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದನ್ನ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಇದಕ್ಕೆ ಪ್ರೈಮರಿ ನಡೆಯುತ್ತೆ: ಸರಕಾರವೇ ಮತಗಟ್ಟೆ ಇಟ್ಟು, ನಮ್ಮ ಚುನಾವಣೆ ಥರಾನೇ ನಡೆಸುತ್ತೆ. ಕಾಕಸ್ ಹಾಗಲ್ಲ. ಅದು ಪಕ್ಷವೇ ಕರೆಯೋ ಸಭೆ. ಸಂಜೆ ಏಳು ಗಂಟೆಗೆ ಬರಬೇಕು, ಕೂರಬೇಕು, ಮಾತು ಕೇಳಬೇಕು, ಆಮೇಲೆ ಮತ.

ಅಯೋವಾದಲ್ಲಿ ಇಂಥ ಸಭೆಗಳು 1,600ಕ್ಕೂ ಹೆಚ್ಚು ಕಡೆ ಒಂದೇ ರಾತ್ರಿ ನಡೆಯುತ್ತವೆ. ಶಾಲೆ, ಚರ್ಚ್ ಹಾಲ್, ಲೈಬ್ರರಿ. ರಿಪಬ್ಲಿಕನ್ನರದ್ದು ಸರಳ: ಕಾಗದದ ಚೀಟಿಯಲ್ಲಿ ಹೆಸರು ಬರೆದು ಕೊಟ್ಟರೆ ಆಯ್ತು. ಡೆಮಾಕ್ರಟಿಕ್ ಪಕ್ಷದವರು 2020ರವರೆಗೆ ಮಾಡ್ತಿದ್ದದ್ದು ನಿಜವಾದ ತಮಾಷೆ. ಅದನ್ನ ಬೆಳ್ತಂಗಡಿ ತಾಲೂಕಿಗೇ ತಂದು ನೋಡೋಣ.

ವೇಣೂರಿನ ಒಂದು ಶಾಲೆ ಅಂತ ಇಟ್ಕೊಳ್ಳಿ. ಪಕ್ಷದ ನೂರು ಜನ ಸೇರಿದ್ದಾರೆ. ಕಣದಲ್ಲಿ ನಾಲ್ಕು ಜನ. ನಿಜವಾದ ಹೆಸರು ಹೇಳಿದರೆ ನಾಳೆ ನನಗೆ ನೂರು ಫೋನ್ ಬರುತ್ತೆ, ಹಾಗಾಗಿ ಅಡಿಕೆ, ತೆಂಗು, ಗೇರು, ಕಾಳುಮೆಣಸು ಅಂತ ಕರೆಯೋಣ. ಮತಪೆಟ್ಟಿಗೆ ಇಲ್ಲ. ಅಡಿಕೆಯವರು ಆ ಮೂಲೆಗೆ, ತೆಂಗಿನವರು ಈ ಮೂಲೆಗೆ. ಎಲ್ಲರೆದುರೇ ಹೋಗಿ ನಿಲ್ಲಬೇಕು. ನಿಮ್ಮ ಸೊಸೈಟಿ ಅಧ್ಯಕ್ಷರು, ನಿಮ್ಮ ಭಾವ, ನಿಮಗೆ ಸಾಲ ಕೊಟ್ಟವರು ಎಲ್ಲರೂ ನೋಡ್ತಿರ್ತಾರೆ.

ಎಣಿಸಿದಾಗ ಅಡಿಕೆ 42, ತೆಂಗು 33, ಗೇರು 14, ಮೆಣಸು 11. ಈಗ ಬರುತ್ತೆ ನಿಯಮ: ಶೇ. 15ಕ್ಕಿಂತ ಕಡಿಮೆ ಇರುವವರು ಊರ್ಜಿತ ಅಲ್ಲ. ಅಂದರೆ ಕನಿಷ್ಠ 15 ಜನ ಬೇಕು. ಗೇರಿಗೆ ಒಂದೇ ಒಂದು ಕಡಿಮೆ! ಆಮೇಲಿನ ಅರ್ಧ ಗಂಟೆ ಇದೆಯಲ್ಲ, ಅದೇ ಕಾಕಸ್‌ನ ಜೀವ. ಗೇರಿನವರು ಮೆಣಸಿನವರ ಹತ್ತಿರ ಓಡ್ತಾರೆ, ತೆಂಗಿನವರೂ ಓಡ್ತಾರೆ. ಮೆಣಸಿನ 11 ಜನರಲ್ಲಿ 4 ಮಂದಿ ಗೇರಿಗೆ, 7 ಮಂದಿ ತೆಂಗಿಗೆ ಹೋದರು ಅನ್ನಿ. ಈಗ ಅಡಿಕೆ 42, ತೆಂಗು 40, ಗೇರು 18. ಆ ಸಭೆಗೆ ಐದು ಪ್ರತಿನಿಧಿ ಸ್ಥಾನ ಇದ್ದರೆ ಅಡಿಕೆಗೆ 2, ತೆಂಗಿಗೆ 2, ಗೇರಿಗೆ 1. ಒಂಬತ್ತು ಮತ ಮುಂದಿದ್ದ ಅಡಿಕೆ ತೆಂಗಿನ ಜೊತೆ ಸಮ ಆಯ್ತು. ಮುಳುಗಿಯೇ ಹೋಗಿದ್ದ ಗೇರು ಒಂದು ಸೀಟು ಹಿಡ್ಕೊಂಡು ಎದ್ದಿತು. ಲೆಕ್ಕ ಸಮವಾಗಿ ಒಂದು ಸ್ಥಾನ ಯಾರಿಗೆ ಅನ್ನೋ ಜಗಳ ಬಂದರೆ ನಾಣ್ಯ ಚಿಮ್ಮೋದು. ತಮಾಷೆ ಅಲ್ಲ, 2016ರಲ್ಲಿ ಹಿಲರಿ ಕ್ಲಿಂಟನ್, ಬರ್ನಿ ಸ್ಯಾಂಡರ್ಸ್ ಮಧ್ಯೆ ಕೆಲವು ಕಡೆ ಹಾಗೇ ಆಯ್ತು.

ಇಷ್ಟಕ್ಕೇ ಮುಗೀಲಿಲ್ಲ. ಈ ಐದು ಜನ ವೇಣೂರಿಂದ ತಾಲೂಕು ಸಭೆಗೆ, ಅಲ್ಲಿ ಆರಿಸಿ ಬಂದವರು ಕ್ಷೇತ್ರದ ಸಭೆಗೆ, ಅಲ್ಲಿಂದ ರಾಜ್ಯದ ಸಭೆಗೆ, ಕೊನೆಗೆ ರಾಷ್ಟ್ರೀಯ ಸಮಾವೇಶಕ್ಕೆ. ಜನವರಿಯಲ್ಲಿ ಶುರುವಾದದ್ದು ಮಳೆಗಾಲದವರೆಗೂ ನಡೆಯುತ್ತೆ. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಜನ ಬರೋದು ಬಿಡ್ತಾರೆ. ಯಾರು ಬಿಡೋದಿಲ್ಲವೋ ಅವರದ್ದೇ ಆಟ.

ಇದನ್ನ ನಾನು ಪುಸ್ತಕ ಓದಿ ಕಲಿತದ್ದಲ್ಲ, ಮುಖಕ್ಕೆ ಮಸಿ ಬಳಿದುಕೊಂಡು ಕಲಿತದ್ದು. 2012ರ ಜನವರಿ 3ರ ಅಯೋವಾ ಕಾಕಸ್ ಮುಗಿದ ಮೇಲೆ ಮಿಟ್ ರಾಮ್ನಿ 8 ಮತಗಳಿಂದ ಗೆದ್ದರು ಅಂತ ನಾನೇ ಓದಿದ್ದೆ. ಎಂಟು ಮತ! ಅದನ್ನಿಟ್ಟುಕೊಂಡು ಅರ್ಧ ಗಂಟೆ ಚರ್ಚೆ ಬೇರೆ ಮಾಡಿದ್ವಿ. ಎರಡು ವಾರ ಬಿಟ್ಟು ಸರಿಯಾದ ಎಣಿಕೆ ಬಂತು, ರಿಕ್ ಸ್ಯಾಂಟೋರಮ್ 34 ಮತ ಮುಂದೆ. ಅದನ್ನ ಇಪ್ಪತ್ತು ಸೆಕೆಂಡಲ್ಲಿ ಓದಿ ಕೈ ತೊಳೆದುಕೊಂಡೆ. ಮೂರನೇ ಸುದ್ದಿಯನ್ನ ಓದಲೇ ಇಲ್ಲ. ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಮಾವೇಶದಲ್ಲಿ ಅಯೋವಾದ 28 ಪ್ರತಿನಿಧಿಗಳಲ್ಲಿ 22 ಜನ ಮತ ಹಾಕಿದ್ದು ರಾಮ್ನಿಗೂ ಅಲ್ಲ, ಸ್ಯಾಂಟೋರಮ್‌ಗೂ ಅಲ್ಲ. ಮೂರನೇ ಸ್ಥಾನದಲ್ಲಿದ್ದ ರಾನ್ ಪಾಲ್‌ಗೆ. ಹೇಗೆ? ಚೀಟಿ ಹಾಕಿ ಎಲ್ಲರೂ ಮನೆಗೆ ಹೋದರು. ರಾನ್ ಪಾಲ್ ಕಡೆಯವರು ಕೂತೇ ಇದ್ದರು. ಪ್ರತಿನಿಧಿಗಳ ಆಯ್ಕೆ ನಡೆದದ್ದು ಚೀಟಿ ಎಣಿಸಿದ ಮೇಲೆ! ಆ ತೂತನ್ನ ಆಮೇಲೆ ಮುಚ್ಚಿದರು, ಈಗ ಪ್ರತಿನಿಧಿಗಳ ಮತ ರಾಜ್ಯದ ಫಲಿತಾಂಶಕ್ಕೆ ಕಟ್ಟಿದ್ದು. ಹಾಗಾಗಿ ಈ ಸಲ ಶೇ. 51 ಮತ ಪಡೆದ ಟ್ರಂಪ್‌ಗೆ 40ರಲ್ಲಿ 20 ಪ್ರತಿನಿಧಿಗಳು, ಶೇ. 8ರ ಹತ್ತಿರ ಬಂದ ನಮ್ಮ ಪಾಲಕ್ಕಾಡ್ ಮೂಲದ ವಿವೇಕ್ ರಾಮಸ್ವಾಮಿಗೆ 3.

ಆದರೆ ಬಂದವರೆಷ್ಟು? ಮೈ ಕೊರೆಯೋ ಚಳಿಯಲ್ಲಿ ಸುಮಾರು 1 ಲಕ್ಷ 10 ಸಾವಿರ. 32 ಲಕ್ಷ ಜನರಿರೋ ರಾಜ್ಯ ಅದು. ರಾತ್ರಿ ಪಾಳಿಯ ನರ್ಸ್ ಬರೋಕಾಗಲ್ಲ, ಮಗು ಇರೋ ತಾಯಿ ಬರೋಕಾಗಲ್ಲ. ನಮ್ಮಲ್ಲೇ ಯೋಚನೆ ಮಾಡಿ. ಜನವರಿ ತಿಂಗಳು ರಾತ್ರಿ ಸಭೆ ಅಂದರೆ ಯಕ್ಷಗಾನ ಮೇಳದವರು ಬಣ್ಣ ಹಚ್ಚಿಕೊಂಡು ಕೂತಿರ್ತಾರೆ. ಬಸ್ ಕಂಡಕ್ಟರ್ ಲಾಸ್ಟ್ ಟ್ರಿಪ್‌ನಲ್ಲಿರ್ತಾನೆ. ಮಾರನೇ ದಿನ ಬೀಡಿ ಬ್ರಾಂಚಿಗೆ ಕೊಡಬೇಕಾದ ಹೆಂಗಸರು ಸೂಪು ಮಡಿಲಲ್ಲಿ ಇಟ್ಟುಕೊಂಡು ಎಲೆ ಸುತ್ತುತ್ತಾ ಇರ್ತಾರೆ. ಸಭೆಗೆ ಬರೋದು ಬಿಡುವಿದ್ದವರು. ಇನ್ನೊಂದು ಮಾತು, ನಮ್ಮ ವೃತ್ತಿಯ ಬಗ್ಗೆಯೇ. ಈ ಸಲ ಸಭೆ ಶುರುವಾಗಿ ಅರ್ಧ ಗಂಟೆಗೆ ಅಮೆರಿಕದ ಮಾಧ್ಯಮಗಳು ಟ್ರಂಪ್ ಗೆದ್ದರು ಅಂತ ಘೋಷಿಸಿಬಿಟ್ಟವು. ಎಷ್ಟೋ ಕಡೆ ಜನ ಇನ್ನೂ ಚೀಟಿ ಬರೆದೇ ಇರಲಿಲ್ಲ.

ಈಗ ಊರಿಗೆ ಬರೋಣ. ಯಾಕೆಂದರೆ ಬೆಳ್ತಂಗಡಿಯ ಆ ಹಿರಿಯರು ಮರೆತಿರಬಹುದು, ಈ ಪ್ರಯೋಗ ಅವರ ಕ್ಷೇತ್ರದಲ್ಲೇ ಒಮ್ಮೆ ಆಗಿದೆ.

2014ರ ಲೋಕಸಭಾ ಚುನಾವಣೆ. ಆಗ ಕಾಂಗ್ರೆಸ್ ಉಪಾಧ್ಯಕ್ಷರಾಗಿದ್ದ ರಾಹುಲ್ ಗಾಂಧಿ ದೇಶದ ಹದಿನೈದು-ಹದಿನಾರು ಕ್ಷೇತ್ರಗಳಲ್ಲಿ ಪ್ರೈಮರಿ ಮಾಡಿಸಿದರು. ಕರ್ನಾಟಕದಲ್ಲಿ ಎರಡು: ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ದಕ್ಷಿಣ ಕನ್ನಡದಲ್ಲಿ ಒಂದು ಕಡೆ ಬಂಟ್ವಾಳದ ಬಿ. ಜನಾರ್ದನ ಪೂಜಾರಿ. ಸಾಲಮೇಳದ ಪೂಜಾರಿಯವರು, 1977ರಿಂದ ಸತತ ನಾಲ್ಕು ಬಾರಿ ಇಲ್ಲಿಂದಲೇ ಗೆದ್ದವರು, 1991ರ ನಂತರ ಗೆಲುವು ಕಾಣದವರು. ಇನ್ನೊಂದು ಕಡೆ ಹರ್ಷ ಮೊಯ್ಲಿ, ಮೂಡುಬಿದಿರೆ ಮೂಲದ ವೀರಪ್ಪ ಮೊಯ್ಲಿಯವರ ಮಗ. ತಂದೆ ಆಗ ಕೇಂದ್ರ ಸಚಿವರು. ಮೊದಲಿನ ಪದ್ಧತಿ ಆಗಿದ್ದರೆ ಇದು ದೆಹಲಿಯ ಯಾವುದೋ ಬಂಗಲೆಯ ಒಳಕೋಣೆಯಲ್ಲಿ ತೀರ್ಮಾನ ಆಗಬೇಕಾದ ವಿಷಯ. ಆದರೆ ಮತ ನಡೆಯಿತು, ಎಣಿಕೆ ಆಯ್ತು, ಪೂಜಾರಿ ಗೆದ್ದರು. ಕೇಂದ್ರ ಸಚಿವರ ಮಗ ಕಾರ್ಯಕರ್ತರ ಮತದಲ್ಲಿ ಸೋತರು ಅನ್ನೋದು ಆ ಕಾಲಕ್ಕೆ ಸಣ್ಣ ಸುದ್ದಿ ಅಲ್ಲ.

ಆದರೆ ಮತ ಹಾಕಿದ್ದು ಯಾರು? ಇಲ್ಲೇ ಇರೋದು ವಿಷಯ. ಅಯೋವಾದಲ್ಲಿ ಪಕ್ಷದ ಮತದಾರ ಅಂತ ನೋಂದಾಯಿಸಿಕೊಂಡ ಯಾರು ಬೇಕಾದರೂ ಬರಬಹುದು, ಬಾಗಿಲಲ್ಲೇ ಹೆಸರು ಬರೆಸಿಕೊಂಡೂ ಒಳಗೆ ಹೋಗಬಹುದು. ದಕ್ಷಿಣ ಕನ್ನಡದಲ್ಲಿ ಮತ ಇದ್ದದ್ದು ಬ್ಲಾಕ್ ಮತ್ತು ಜಿಲ್ಲಾ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು, ಯುವ ಕಾಂಗ್ರೆಸ್, ಮಹಿಳಾ ಕಾಂಗ್ರೆಸ್ ಇಂಥ ಘಟಕಗಳವರಿಗೆ. ಹೆಸರಿಗೆ ಪ್ರೈಮರಿ, ಆದರೆ ಕಾಕಸ್‌ಗಿಂತಲೂ ಸಣ್ಣ ಬಾಗಿಲು. ಪದಾಧಿಕಾರಿಯನ್ನ ನೇಮಿಸೋರು ಯಾರು? ಮೇಲಿನವರು. ಹಾಗಾದರೆ ಮತದಾರರ ಪಟ್ಟಿ ಬರೆದದ್ದು ಯಾರು ಅಂತ ಆಯ್ತು?

ಫಲಿತಾಂಶವೂ ಪಾಠ ಹೇಳುತ್ತೆ. 2013ರ ವಿಧಾನಸಭೆಯಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟರಲ್ಲಿ ಏಳು ಸ್ಥಾನ ಕಾಂಗ್ರೆಸ್‌ದಾಗಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಅದರಲ್ಲೇ. ಸುಳ್ಯ ಒಂದೇ ಬಿಜೆಪಿಗೆ. ಒಂದು ವರ್ಷ ಆಗುವಷ್ಟರಲ್ಲಿ ಪೂಜಾರಿಯವರು ನಳಿನ್ ಕುಮಾರ್ ಕಟೀಲ್ ಎದುರು 1 ಲಕ್ಷ 43 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಬೆಂಗಳೂರು ಉತ್ತರದಲ್ಲಿ ಪ್ರೈಮರಿ ಗೆದ್ದ ಸಿ. ನಾರಾಯಣಸ್ವಾಮಿ ಕೂಡ ಸೋತರು, ಅದೂ ಸುಳ್ಯದ ಸದಾನಂದ ಗೌಡರೆದುರು. ಪ್ರೈಮರಿಯಿಂದಲೇ ಸೋತರು ಅಂತ ನಾನು ಹೇಳಲ್ಲ, ಅದು ಮೋದಿ ಅಲೆಯ ವರ್ಷ. ಆದರೆ ಪಕ್ಷ ಹಾಗೇ ಓದಿಕೊಂಡಿತೋ ಏನೋ, 2019ರಲ್ಲಿ ದಕ್ಷಿಣ ಕನ್ನಡದಲ್ಲಿ ಪ್ರೈಮರಿ ಮಾತೇ ಇರಲಿಲ್ಲ. ಗುಜರಾತಿನ ವಡೋದರಾದ್ದು ಇನ್ನೂ ಬೇಸರದ ಕಥೆ. ಅಲ್ಲಿ ಪ್ರೈಮರಿ ಗೆದ್ದ ನರೇಂದ್ರ ರಾವತ್, ಮೋದಿ ಆ ಕ್ಷೇತ್ರಕ್ಕೆ ಬಂದ ಕೂಡಲೇ ಮಧುಸೂದನ ಮಿಸ್ತ್ರಿಯವರಿಗೆ ಜಾಗ ಬಿಟ್ಟುಕೊಡಬೇಕಾಯ್ತು. ಗೆದ್ದ ಚೀಟಿ ಕೈಯಲ್ಲೇ ಉಳೀತು.

ಬಿಜೆಪಿಯವರು ನಗಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಅವರೂ ರಾಜ್ಯದಲ್ಲಿ ಪದಾಧಿಕಾರಿಗಳಿಂದ ಗುಪ್ತ ಮತದಾನ ಮಾಡಿಸಿದರು. ಅಂತಿಮ ಪಟ್ಟಿ ಮಾತ್ರ ಏಪ್ರಿಲ್‌ನಲ್ಲಿ ದೆಹಲಿಯಿಂದಲೇ ಬಂತು. ಪುತ್ತೂರಿನಲ್ಲಿ ಆಮೇಲೆ ಬಂಡಾಯ ಎದ್ದು ಸೀಟೇ ಕೈಬಿಟ್ಟದ್ದು ನಿಮಗೆ ಗೊತ್ತು.

2022ರ ಅಕ್ಟೋಬರ್ 17ರಂದು ನಡೆದ ಎಐಸಿಸಿ ಅಧ್ಯಕ್ಷರ ಚುನಾವಣೆ ಕಾಕಸ್‌ನ ಪ್ರತಿನಿಧಿ ಪದ್ಧತಿಗೆ ಇನ್ನೂ ಹತ್ತಿರದ್ದು. ಪ್ರತಿ ಬ್ಲಾಕಿಗೊಬ್ಬ ಪ್ರತಿನಿಧಿ ಅನ್ನೋದು ಅದರ ಲೆಕ್ಕ. ನಮ್ಮ ಬಂಟ್ವಾಳ ಕ್ಷೇತ್ರದಲ್ಲೇ ಬಂಟ್ವಾಳ, ಪಾಣೆಮಂಗಳೂರು ಅಂತ ಎರಡು ಬ್ಲಾಕ್. ದೇಶದಲ್ಲಿ ಬಿದ್ದ ಮತ 9,385. ಖರ್ಗೆಯವರಿಗೆ 7,897, ಶಶಿ ತರೂರ್‌ಗೆ 1,072. ಕನ್ನಡಿಗರೊಬ್ಬರು ಗೆದ್ದದ್ದಕ್ಕೆ ನಾವೆಲ್ಲ ಸಂಭ್ರಮಿಸಿದ್ವಿ. ಆದರೆ ಅದಕ್ಕೂ ಮುಂಚೆ ತರೂರ್ ಸೇರಿ ಐವರು ಸಂಸದರು ಪಕ್ಷಕ್ಕೆ ಪತ್ರ ಬರೆದು ಕೇಳಿದ್ದು ಒಂದೇ: ಮತದಾರರ ಪಟ್ಟಿ ತೋರಿಸಿ. ತಮ್ಮ ಬ್ಲಾಕಿನ ಪ್ರತಿನಿಧಿ ಯಾರು ಅಂತ ಪಾಣೆಮಂಗಳೂರಿನ ಎಷ್ಟು ಕಾರ್ಯಕರ್ತರಿಗೆ ಗೊತ್ತಿತ್ತು ಹೇಳಿ?

ಇಷ್ಟು ಬರೆದಿಟ್ಟುಕೊಂಡು ಸಂಜೆ ಆ ಹಿರಿಯರಿಗೆ ವಾಪಸ್ ಫೋನ್ ಮಾಡಿದೆ. ವೇಣೂರಿನ ಲೆಕ್ಕ ಹೇಳಿದಾಗ ಜೋರಾಗಿ ನಕ್ಕರು. ಇಷ್ಟು ವರ್ಷ ದುಡಿದವರಲ್ವಾ, ಇಂಥ ಯಾವುದಾದರೂ ಲಿಸ್ಟಲ್ಲಿ ನಿಮ್ಮ ಹೆಸರು ಬಂದಿತ್ತಾ ಅಂತ ಕೇಳಿದೆ.

"ಇಲ್ಲ ಸರ್. ನಾನು ಪದಾಧಿಕಾರಿ ಅಲ್ಲ, ಬೂತ್‌ನವ."

ಹಾಗಾದರೆ ನಾಳೆ ನಿಮ್ಮ ಪಕ್ಷ ರಾತ್ರಿ ಏಳಕ್ಕೆ ಶಾಲೆಯಲ್ಲಿ ಸಭೆ ಕರೆದರೆ, ಹತ್ತು ಗಂಟೆವರೆಗೂ ಕೂರ್ತೀರಾ?

"ಕೂರ್ತೇನೆ. ಎದುರೆದುರು ಮೂಲೆಗೆ ಹೋಗಿ ನಿಲ್ಲುವುದು ಮಾತ್ರ ಬೇಡ ಮಾರಾಯ್ರೆ, ಮರುದಿನ ಅದೇ ಊರಲ್ಲಿ ಬದುಕಬೇಕಲ್ಲ. ಚೀಟಿ ಕೊಡಲಿಕ್ಕೆ ಹೇಳಿ."