ಹತ್ತೂವರೆ ಸೆಕೆಂಡಿನ ಹುಡುಗ ವಿಶ್ವ ಕೂಟಕ್ಕೆ ಹೋಗಬಲ್ಲನೇ?

‘ನಮ್ಮ ಹುಡುಗ ನೂರು ಮೀಟರ್ ಹತ್ತೂವರಿ ಸೆಕೆಂಡಿನ್ಯಾಗ ಓಡ್ತಾನ್ರಿ. ಕೈ ಹಿಡಿಯೋರು ಇಲ್ಲ ಅಂತ ಇಲ್ಲೇ ಉಳದಾನ.’ ಹುಬ್ಬಳ್ಳಿ-ಧಾರವಾಡದ ಮೈದಾನಗಳ ಕಟ್ಟೆಯ ಮೇಲೆ ಅಥ್ಲೆಟಿಕ್ಸ್ ಮಾತು ಬಂದರೆ ಇಂಥದೊಂದು ಮಾತು ಬಂದೇ ಬರುತ್ತದೆ. ಅದರ ಹಿಂದಿರುವ ಪ್ರೀತಿ ದೊಡ್ಡದು. ಆದರೆ ಆ ಹತ್ತೂವರೆ ಸೆಕೆಂಡು ಮಾತ್ರ ಗಟ್ಟಿ ಲೆಕ್ಕವಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ ನೂರು ಮೀಟರ್‌ಗೆ ನಿಗದಿಯಾಗಿದ್ದ ಅರ್ಹತಾ ಮಟ್ಟ 10.00 ಸೆಕೆಂಡು. ಅದೇ ವರ್ಷ ಜುಲೈನಲ್ಲಿ ಒಡಿಶಾ ಪರ ಓಡುವ ಅನಿಮೇಶ್ ಕುಜೂರ್ ಗ್ರೀಸ್‌ನಲ್ಲಿ 10.18ರಲ್ಲಿ ಓಡಿ ರಾಷ್ಟ್ರೀಯ ದಾಖಲೆ ಬರೆದರು. ಈ ಲೆಕ್ಕದಲ್ಲಿ ನಮ್ಮ ಹುಡುಗ ದೇಶದ ದಾಖಲೆಯ ಬೆನ್ನಿಗೇ ಇದ್ದಾನೆ ಅನಿಸುವುದು ಸಹಜ. ಆದರೆ ಆ 10.5 ಬಂದದ್ದು ಕೈ ಗಡಿಯಾರದಿಂದ. ಗುರಿಯ ಗೆರೆಯ ಬಳಿ ನಿಂತ ಪಿ.ಟಿ. ಮಾಸ್ತರರು ಪಿಸ್ತೂಲಿನ ಹೊಗೆ ಕಂಡ ಮೇಲೆ ಗುಂಡಿ ಒತ್ತುತ್ತಾರೆ. ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಓಟಗಾರ ಹೊರಟಾಗಿರುತ್ತದೆ. ಮುಗಿಯುವಾಗ ಹಾಗಲ್ಲ: ಓಡಿ ಬರುವವನು ಕಣ್ಣೆದುರೇ ಇರುವುದರಿಂದ ಬೆರಳು ಸರಿಯಾದ ಹೊತ್ತಿಗೆ, ಕೆಲವೊಮ್ಮೆ ತುಸು ಮೊದಲೇ, ಒತ್ತಿಬಿಡುತ್ತದೆ. ಹೀಗಾಗಿ ಕೈ ಗಡಿಯಾರದ ಸಮಯವನ್ನು ವಿದ್ಯುನ್ಮಾನ ಸಮಯದ ಜೊತೆ ಹೋಲಿಸುವಾಗ ನೂರು ಮೀಟರ್‌ಗೆ 0.24 ಸೆಕೆಂಡು ಸೇರಿಸುವುದು ರೂಢಿ. 10.5 ಅಂದರೆ 10.74 ಆಯಿತು. ಸುಣ್ಣದ ಗೆರೆ ಎಳೆಯುವಾಗ ಟೇಪು ಒಂದು ಮೀಟರ್ ಕಡಿಮೆ ಬಿದ್ದಿದ್ದರೆ ಇನ್ನೂ ಸೆಕೆಂಡಿನ ಹತ್ತನೇ ಒಂದು ಭಾಗ ಹೋಯಿತು. ಓಟಗಾರನದೂ ತಪ್ಪಲ್ಲ, ಮಾಸ್ತರರದೂ ತಪ್ಪಲ್ಲ. ಆದರೆ ನೂರು ಮೀಟರ್‌ನ ಕೈ ಸಮಯವನ್ನು ಅರ್ಹತೆಗೆ ಒಪ್ಪುವುದೇ ಇಲ್ಲ. ಪಿಸ್ತೂಲಿಗೆ ಗಡಿಯಾರ ಜೋಡಿಸಿರಬೇಕು, ಗುರಿಯ ಗೆರೆಗೆ ಫೋಟೊ ಫಿನಿಶ್ ಕ್ಯಾಮೆರಾ ನೆಟ್ಟಿರಬೇಕು.

ಆ ಕ್ಯಾಮೆರಾ ನೋಡುವುದು ಕಾಲನ್ನಲ್ಲ, ತಲೆಯನ್ನೂ ಅಲ್ಲ. ಎದೆಗೂಡು ಗೆರೆ ಮುಟ್ಟಿದ ಕ್ಷಣವೇ ಲೆಕ್ಕ. ಕೊನೆಗೆ ಕೈ ಮುಂದೆ ಚಾಚಿ ಬೀಳುವ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಿಕೊಡಬೇಕು.

ರಾಷ್ಟ್ರಮಟ್ಟದಲ್ಲಿ ಚಿನ್ನ ಗೆದ್ದವರೇ ವಿಶ್ವ ಕೂಟಕ್ಕೆ ಹೋಗುತ್ತಾರೆ ಎಂಬುದು ಇನ್ನೊಂದು ಗಟ್ಟಿ ನಂಬಿಕೆ. ಚಿನ್ನದ ಪದಕವೊಂದೇ ಸಾಲದು. ನಿಗದಿತ ಅವಧಿಯೊಳಗೆ, ಮಾನ್ಯತೆ ಇರುವ ಕೂಟದಲ್ಲಿ ಅರ್ಹತಾ ಮಟ್ಟ ಮುಟ್ಟಬೇಕು. ಇಲ್ಲವೇ ವಿಶ್ವ ರ‍್ಯಾಂಕಿಂಗ್‌ನಲ್ಲಿ ಜಾಗ ಸಿಗುವಷ್ಟು ಮೇಲಿರಬೇಕು. ಒಂದು ಸ್ಪರ್ಧೆಗೆ ಒಂದು ದೇಶದಿಂದ ಸಾಮಾನ್ಯವಾಗಿ ಮೂವರು. ಟೋಕಿಯೊದ ಜಾವೆಲಿನ್‌ಗೆ ಭಾರತದಿಂದ ನಾಲ್ವರು ಹೋಗಿದ್ದು ಹೇಗೆ ಎಂದು ಹಲವರು ಕೇಳಿದ್ದುಂಟು. 2023ರಲ್ಲಿ ಬುಡಾಪೆಸ್ಟ್‌ನಲ್ಲಿ 88.17 ಮೀಟರ್ ಎಸೆದು ಚಾಂಪಿಯನ್ ಆಗಿದ್ದ ನೀರಜ್ ಚೋಪ್ರಾಗೆ ನೇರ ಪ್ರವೇಶವಿತ್ತು, ಅವರು ಆ ಮೂವರ ಲೆಕ್ಕಕ್ಕೆ ಬರಲಿಲ್ಲ. ಅಂದಹಾಗೆ, ಈ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದವರು ನೀರಜ್ ಅಲ್ಲ. 2003ರಲ್ಲಿ ಪ್ಯಾರಿಸ್‌ನಲ್ಲಿ 6.70 ಮೀಟರ್ ಜಿಗಿದು ಕಂಚು ಗೆದ್ದ ಅಂಜು ಬಾಬಿ ಜಾರ್ಜ್.

ಟಿ.ವಿ.ಯಲ್ಲಿ 400 ಮೀಟರ್ ಓಟ ನೋಡುತ್ತ ‘ಹೊರಗಿನ ಲೇನಿನವ ಐವತ್ತು ಮೀಟರ್ ಮುಂದ ನಿಂತಾನಲ್ಲ, ಇದ್ಯಾವ ನ್ಯಾಯ?’ ಎನ್ನುವವರಿದ್ದಾರೆ. ಎಂಟನೇ ಲೇನಿನವನು ಸುಮಾರು 53 ಮೀಟರ್ ಮುಂದೆ ನಿಲ್ಲುವುದು ನಿಜ. ತಿರುವಿನಲ್ಲಿ ಅವನ ವೃತ್ತ ಅಷ್ಟೇ ದೊಡ್ಡದು, ಹಾಗಾಗಿ ಎಲ್ಲರೂ ಓಡುವುದು 400 ಮೀಟರನ್ನೇ. ನಿಜ ಹೇಳಬೇಕೆಂದರೆ ಹೊರಗಿನವನಿಗೇ ಕಷ್ಟ ಹೆಚ್ಚು. ಎದುರಾಳಿಗಳೆಲ್ಲ ಬೆನ್ನ ಹಿಂದೆ, ಯಾರು ಎಷ್ಟು ವೇಗದಲ್ಲಿದ್ದಾರೆಂದು ತಿಳಿಯುವುದಿಲ್ಲ.

‘ಫೌಲ್ ಆದ್ರ ಒಂದು ಚಾನ್ಸ್ ಕೊಡ್ತಾರ’ ಎಂಬುದು ಶಾಲಾ ಕೂಟದಲ್ಲಿ ನಡೆದೀತು. ದೊಡ್ಡ ಕೂಟಗಳಲ್ಲಿ 2010ರಿಂದ ಪಿಸ್ತೂಲಿನ ಸದ್ದಿಗೆ ಮೊದಲೇ ಹೊರಟರೆ ಮೊದಲ ತಪ್ಪಿಗೇ ಹೊರಗೆ, ಡೆಕಾಥ್ಲಾನ್‌ನಂಥ ಸಂಯುಕ್ತ ಸ್ಪರ್ಧೆಗಳನ್ನು ಬಿಟ್ಟು. 2011ರಲ್ಲಿ ದೇಗುವಿನ ನೂರು ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಅವರನ್ನೇ ಹೊರಗೆ ಕಳಿಸಿದರು. ಸದ್ದು ಕೇಳಿದ ಮೇಲೆ ಹೊರಟರೂ ಸಾಲದು, 0.100 ಸೆಕೆಂಡಿಗಿಂತ ಮೊದಲು ಹೊರಟರೆ ಅದು ಸದ್ದಿಗೆ ಹೊರಟದ್ದಲ್ಲ, ಊಹಿಸಿ ಹೊರಟದ್ದು ಎಂದೇ ಎಣಿಕೆ. 2022ರ ಯುಜೀನ್ ಕೂಟದ 110 ಮೀಟರ್ ಹರ್ಡಲ್ಸ್ ಫೈನಲ್‌ನಲ್ಲಿ ಅಮೆರಿಕದ ಡೆವನ್ ಅಲೆನ್ 0.099ರಲ್ಲಿ ಹೊರಟು ಅನರ್ಹರಾದರು.

ಆಷಾಢದ ಗಾಳಿ ಕಂಡ ಧಾರವಾಡದವರಿಗೆ ಗಾಳಿಯ ನಿಯಮ ಬೇಗ ಅರ್ಥವಾಗುತ್ತದೆ. ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ದಾಖಲೆ ಊರ್ಜಿತವಾಗುವುದಿಲ್ಲ. ಆದರೆ ಪದಕ ಹೋಗುತ್ತದೆ ಎಂಬುದು ತಪ್ಪು. ಎಲ್ಲರಿಗೂ ಅದೇ ಮೈದಾನ, ಅದೇ ಹೊತ್ತು. 1991ರಲ್ಲಿ ಟೋಕಿಯೊದಲ್ಲಿ ಕಾರ್ಲ್ ಲೂಯಿಸ್ 8.91 ಮೀಟರ್ ಜಿಗಿದರು. ಗಾಳಿ 2.9 ಇದ್ದುದರಿಂದ ಅದು ದಾಖಲೆಯಾಗಲಿಲ್ಲ, ಸ್ಪರ್ಧೆಯಲ್ಲಿ ಮಾತ್ರ ಪೂರ್ತಿ ಎಣಿಕೆಗೆ ಬಂತು. ಅದೇ ಸಂಜೆ ಮೈಕ್ ಪೊವೆಲ್ 8.95 ಜಿಗಿದು ಗೆದ್ದರು.

ಇವೆಲ್ಲ ನಿಯಮ ಗೊತ್ತಿಲ್ಲದ್ದರಿಂದ ಹುಟ್ಟಿದ ತಪ್ಪುಗಳು, ತಿಳಿದರೆ ಹೋಗುತ್ತವೆ. ಆಳಕ್ಕೆ ಬೇರು ಬಿಟ್ಟಿರುವುದು ಬೇರೊಂದು: ‘ಸಿದ್ದಿ ಹುಡುಗರ ರಕ್ತದಾಗ ಓಟ ಐತಿ. ಬಿಟ್ರ ಸಾಕು, ಪದಕ ತರ್ತಾರ.’ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲೂ ಪಕ್ಕದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲೂ ಸಿದ್ದಿಗಳಿದ್ದಾರೆ. ಅವರ ಪೂರ್ವಜರಲ್ಲಿ ಬಹಳಷ್ಟು ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ತಂದರು. 1987ರಲ್ಲಿ ಕೇಂದ್ರ ಸರ್ಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಾಗ ಅದರ ಹಿಂದೆಯೂ ಇದ್ದದ್ದು ಈ ರಕ್ತದ ಮಾತೇ. ಹರ್ಡಲ್ಸ್‌ನಲ್ಲಿ ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟಕ್ಕೆ ಏರಿದರು. ಆದರೆ 1990ರ ದಶಕದ ಆರಂಭದಲ್ಲೇ ಸಿದ್ದಿಗಳ ಪಾಲಿಗೆ ಆ ಯೋಜನೆ ನಿಂತುಹೋಯಿತು. ಮಕ್ಕಳು ಊರಿಗೆ ಮರಳಿದರು. ರಕ್ತವೇ ಸಾಕಾಗಿದ್ದರೆ ಯೋಜನೆ ನಿಂತ ಮೇಲೂ ಪದಕ ಬರಬೇಕಿತ್ತು.

ಆಫ್ರಿಕಾ ಎಂದರೆ ಒಂದು ಊರಲ್ಲ. ದೂರದ ಓಟಕ್ಕೆ ಹೆಸರಾದವರು ಕೀನ್ಯಾ, ಇಥಿಯೋಪಿಯಾಗಳ ಎತ್ತರದ ಸೀಮೆಯವರು. ಕೀನ್ಯಾದ ಇಟೆನ್ ಊರು ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಸಿದ್ದಿಗಳ ವಂಶವಾಹಿಯ ಅಧ್ಯಯನಗಳು ತೋರಿಸುವುದು ಬಂಟು ಭಾಷಿಕ ಜನಗಳ ನಂಟನ್ನು, ಜೊತೆಗೆ ಇಲ್ಲಿನವರ ಬೆರಕೆಯನ್ನು. ಇನ್ನು ಜಮೈಕಾ. ಅಲ್ಲಿ 1910ರಿಂದ ನಡೆದು ಬಂದಿರುವ ಶಾಲಾ ಅಥ್ಲೆಟಿಕ್ಸ್ ಕೂಟವಿದೆ, ಅದನ್ನು ನೋಡಲು ಕ್ರೀಡಾಂಗಣ ತುಂಬುತ್ತದೆ. ಬೋಲ್ಟ್ ಕೂಡ ಓಡಿ ಬೆಳೆದದ್ದು ಆ ಕೂಟದಲ್ಲೇ. ಸಿದ್ದಿ ಮಕ್ಕಳಿಗೆ ಸಿಗದಿದ್ದದ್ದು ಇದು: ವರ್ಷ ಬಿಡದ ಕೂಟ, ಬಿಟ್ಟುಹೋಗದ ಕೋಚ್, ಹೊಟ್ಟೆ ತುಂಬ ಊಟ, ಓಟ ನಿಂತ ಮೇಲೆ ಒಂದು ನೌಕರಿಯ ಭರವಸೆ. ರಕ್ತದ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ ಗೆದ್ದಾಗ ಆ ಮಕ್ಕಳ ಬೆವರನ್ನು ಮರೆಸುತ್ತದೆ, ಸೋತಾಗ ಅವರನ್ನೇ ಸೋಮಾರಿಗಳು ಅನ್ನುತ್ತದೆ. ಇದು ಅನ್ಯಾಯ.

ಕೊನೆಯದಾಗಿ, ‘ಅಂಥಾ ಕೂಟಕ್ಕ ನಮ್ಮ ಸೀಮಿಯವರು ಯಾವಾಗ ಹೋಗ್ಯಾರ?’ ಎಂಬ ನಿರಾಶೆ. 1920ರಲ್ಲೇ ಹೋಗಿದ್ದಾರೆ. ಬೆಳಗಾವಿಯ ಫಡೆಪ್ಪ ಚೌಗುಲೆ ಆ ವರ್ಷ ಆ್ಯಂಟ್ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿ 19ನೆಯವರಾದರು. ಸಮಯ 2 ಗಂಟೆ 50 ನಿಮಿಷ 45 ಸೆಕೆಂಡು. ಈ ಸಮಯವನ್ನು ಇಂದಿನ ಮ್ಯಾರಥಾನಿನ ಜೊತೆ ಹಾಗೆಯೇ ಹೋಲಿಸಿ ‘ಇಷ್ಟೇನಾ’ ಎನ್ನುವವರು ಅಲ್ಲಿನ ದೂರವನ್ನು ನೋಡಿರುವುದಿಲ್ಲ. ಆ್ಯಂಟ್ವರ್ಪ್‌ನ ಹಾದಿ 42.75 ಕಿ.ಮೀ. ಇತ್ತು, ಇಂದಿನದಕ್ಕಿಂತ ಅರ್ಧ ಕಿಲೋಮೀಟರ್‌ಗೂ ಹೆಚ್ಚು. ಚೌಗುಲೆ ಒಂದೊಂದು ಕಿಲೋಮೀಟರನ್ನು ಸರಾಸರಿ ನಾಲ್ಕು ನಿಮಿಷದೊಳಗೆ ಮುಗಿಸಿದ್ದರು. ಅದೇ ವೇಗದಲ್ಲಿ 42.195 ಕಿ.ಮೀ. ಓಡಿದ್ದರೆ 2 ಗಂಟೆ 48 ನಿಮಿಷ 30 ಸೆಕೆಂಡಿನ ಆಸುಪಾಸಿಗೆ ಗುರಿ ಮುಟ್ಟುತ್ತಿದ್ದರು.