ಹನಿ ನೀರಾವರಿಗೆ ಮನೆಯಲ್ಲೇ ಡಿಜಿಟಲ್ ಒತ್ತಡ ಮಾಪಕ

ಜತ್ತ ಭಾಗದ ದಾಳಿಂಬೆ, ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿಯೇ ಆಸರೆ. ಫಿಲ್ಟರ್ ಕಟ್ಟಿಕೊಂಡರೆ ಮುಂದಿನ ಪೈಪಿನಲ್ಲಿ ಒತ್ತಡ ಕುಸಿದು, ಕೊನೆಯ ಸಾಲಿನ ಗಿಡಗಳಿಗೆ ನೀರು ತಲುಪುವುದಿಲ್ಲ. ಮುಳ್ಳಿನ ಮೀಟರ್ ಕೆಟ್ಟಿದ್ದರೆ ಗಿಡ ಬಾಡಿದ ಮೇಲೆಯೇ ವಿಷಯ ತಿಳಿಯುತ್ತದೆ. ಎಲೆಕ್ಟ್ರಾನಿಕ್ಸ್ ಬಲ್ಲ ಯುವಕರು ಡಿಜಿಟಲ್ ಮಾಪಕವೊಂದನ್ನು ತಾವೇ ಜೋಡಿಸಬಹುದಾಗಿದೆ.

ಬೇಕಾದ ಸಾಮಾನು ಇಷ್ಟು: ಆರ್ಡುಯಿನೋ ಊನೋ ಬೋರ್ಡ್, 12 ಬಾರ್‌ವರೆಗೆ ಅಳೆಯುವ ಮೂರು ತಂತಿಯ ಸೆನ್ಸರ್ ಮತ್ತು ಚಿಕ್ಕ ಎಲ್‌ಸಿಡಿ ಪರದೆ. ಇಂಥ ಸೆನ್ಸರ್ ಒತ್ತಡವಿಲ್ಲದಾಗ 0.5 ವೋಲ್ಟ್, 12 ಬಾರ್‌ಗೆ 4.5 ವೋಲ್ಟ್ ಕೊಡುತ್ತದೆ. ಬೋರ್ಡಿನ ಮೈಕ್ರೋಕಂಟ್ರೋಲರ್ 5 ವೋಲ್ಟ್‌ವರೆಗಿನ ವಿದ್ಯುತ್ತನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಹೀಗಾಗಿ ಒತ್ತಡವಿಲ್ಲದಾಗ ಸುಮಾರು 102 ಬರುತ್ತದೆ. ಪ್ರತಿ ಬಾರ್‌ಗೆ ಸುಮಾರು 68 ಏರುತ್ತದೆ. ಬಂದ ಅಂಕಿಯಲ್ಲಿ 102 ಕಳೆದು 68ರಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. 170 ಬಂದರೆ 1 ಬಾರ್ ಎಂದರ್ಥ.

ಪಂಪಿನ ಅದುರಿಗೆ ಅಂಕಿ ಕುಣಿಯದಂತೆ ಹತ್ತಾರು ಸಲ ಓದಿ ಸರಾಸರಿ ತೆಗೆಯಬೇಕು. ಪೈಪಿಗೆ ಕೂರಿಸುವ ಮುನ್ನ ಬರುವ ಅಂಕಿಯನ್ನೇ ಸೊನ್ನೆಯೆಂದು ಹಿಡಿದು, ನಂತರ ಸರಿಯಾದ ಮುಳ್ಳಿನ ಮೀಟರಿನೊಂದಿಗೆ ತಾಳೆ ನೋಡುವುದು ಅವಶ್ಯ.

ಫಿಲ್ಟರಿಗೆ ಮೊದಲೊಂದು, ನಂತರವೊಂದು ಸೆನ್ಸರ್ ಹಾಕಿದರೆ ಇನ್ನೂ ಅನುಕೂಲ. ಎರಡರ ಅಂತರ ದಿನೇ ದಿನೇ ಹೆಚ್ಚಿದರೆ ಫಿಲ್ಟರ್ ತೊಳೆಯುವ ಹೊತ್ತು ಬಂತೆಂದೇ ತಿಳಿಯಬೇಕು.